ಸೂರ್ಯ ಉಗುಳಿದ ಫೋಟೋ

ಅಂಗಡಿಯ ಬೋರ್ಡಿನ ಮೇಲೆ ‘ಸಹೋದರರ ಸ್ಟುಡಿಯೋ’ ಎಂದು ದಪ್ಪಕ್ಷರದಲ್ಲಿ ಬರೆಸಿದ್ದರೂ ಒಳಗೆ ಬಂದ ಗಿರಾಕಿಗಳಿಗೆ ಕಾಣುತ್ತಿದ್ದುದು ಒಬ್ಬನೇ ಸಹೋದರ. ಇನ್ನೊಬ್ಬನನ್ನು ಅವರು ಛತ್ರಿ ಅನ್ನುತ್ತಿದ್ದರು.

ಹೆಸರಿಟ್ಟವನು ಅಣ್ಣನೇ. ಅಣ್ಣ ಸೂರ್ಯನಿಗೆ ಎದುರಾಗಿ ಕ್ಯಾಮೆರಾ ಹಿಡಿದಾಗ ತಮ್ಮ ಪಕ್ಕದಲ್ಲಿ ನಿಂತು, ಒಂದು ಕರಿ ರಟ್ಟನ್ನು ಎತ್ತಿ ಹಿಡಿದು, ಲೆನ್ಸಿನ ಗಾಜಿನ ಮೇಲೆ ನೆರಳು ಬೀಳಿಸಬೇಕು. ಅಷ್ಟೇ ಅವನ ಕೆಲಸ. ನೆರಳು ಚೂರು ಜಾರಿದರೂ ಬಿಸಿಲು ಗಾಜಿನೊಳಕ್ಕೆ ನುಗ್ಗಿ, ಗೋಡೆಗೆಸೆದ ಚೆಂಡಿನ ಹಾಗೆ ಒಳಗೇ ಪುಟಿದಾಡಿ, ಚಿತ್ರದ ಮೇಲೆಲ್ಲ ನೀರು ಹಾಲು ಚೆಲ್ಲಿದಂತೆ ಮಾಡಿ, ಒಂದು ಕಡೆ ದಪ್ಪ ಬಿಳಿ ಮಚ್ಚೆ ಇಟ್ಟು ಹೋಗುತ್ತದೆ. ಪುಸ್ತಕ ಓದಿದವರು ಅದಕ್ಕೆ ಫ್ಲೇರ್ ಅನ್ನುತ್ತಾರೆ. ಅಂಗಡಿಯಲ್ಲಿ ಅದಕ್ಕೆ ‘ಸೂರ್ಯ ಉಗುಳಿದ’ ಅಂತಲೇ ಹೆಸರು. ಉಗುಳಿಗೂ ಒಂದು ಲೆಕ್ಕ ಇತ್ತು. ಸೂರ್ಯ ಚಿತ್ರದ ಎಡಗಡೆ ಮೇಲಿದ್ದರೆ ಉಗುಳು ಬಲಗಡೆ ಕೆಳಗೆ. ಬಲಗಡೆ ಮೇಲಿದ್ದರೆ ಎಡಗಡೆ ಕೆಳಗೆ. ಯಾವಾಗಲೂ ಎದುರು ಮೂಲೆಗೇ. ಇದನ್ನೂ ಕಲಿಸಿದವನು ಅಣ್ಣನೇ.

ಊರಿನ ಮದುವೆ ಜೋಡಿಗಳೆಲ್ಲ ಅಣ್ಣನನ್ನು ಹುಡುಕಿಕೊಂಡು ಬರುತ್ತಿದ್ದುದು ಈ ಒಂದು ವಿದ್ಯೆಗೆ. ನದಿಯ ಸೇತುವೆ ಮೇಲೆ ಗಂಡು ಹೆಣ್ಣು ನಿಲ್ಲಬೇಕು, ಬೆನ್ನ ಹಿಂದೆ ಸೂರ್ಯ ಇರಬೇಕು, ಕೂದಲಿನ ಎಳೆ ಎಳೆಗೂ ಚಿನ್ನದ ಅಂಚು ಬರಬೇಕು, ಮುಖ ಮಾತ್ರ ತೊಳೆದಿಟ್ಟ ಹಾಗಿರಬೇಕು. ಬೇರೆ ಸ್ಟುಡಿಯೋದವರು ತೆಗೆದರೆ ಮದುಮಗಳ ಕೆನ್ನೆ ಮೇಲೆ ಸುಣ್ಣ ಸಿಡಿದ ಹಾಗಾಗುತ್ತಿತ್ತು. ಅಣ್ಣ ತೆಗೆದರೆ ಕನ್ನಡಿ.

“ಬಿಸಿಲನ್ನ ಹಗ್ಗ ಹಾಕಿ ಕಟ್ಟಿಬಿಡ್ತೀರಲ್ಲ ಸರ್, ಹೇಗೆ?” ಎಂದು ಗಿರಾಕಿಗಳು ಕೇಳಿದರೆ ಅಣ್ಣ ತಲೆ ತಗ್ಗಿಸಿ ನಗುತ್ತಿದ್ದ.

“ಎಲ್ಲಾ ಕೈಚಳಕ.”

ಯಾರ ಕೈ ಎಂದು ಕೇಳಿದವರಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಕೈ ಒಬ್ಬನದು, ಬಾಯಿ ಇನ್ನೊಬ್ಬನದು ಆದರೂ ಗಾದೆ ನಡೆಯುತ್ತದೆ ಎಂದು ಹೇಳಿದವರೂ ಇಲ್ಲ. ಸಾಕ್ಷಿ ಅಂತ ಇದ್ದದ್ದು ಒಂದೇ. ಕೆಲವು ಚಿತ್ರಗಳ ಮೇಲಿನ ಮೂಲೆಯಲ್ಲಿ ರಟ್ಟಿನ ಅಂಚೋ, ಹೆಬ್ಬೆರಳಿನ ಉಗುರೋ ಮಬ್ಬಾಗಿ ಇಣುಕುತ್ತಿತ್ತು. ಅಣ್ಣ ಕಂಪ್ಯೂಟರಿನ ಮುಂದೆ ಕೂತು, ಟೀ ಹೀರುತ್ತ, ತಮ್ಮ ಹಿಂದೆಯೇ ನಿಂತಿರುವಾಗಲೇ ಆ ಉಗುರನ್ನು ಕತ್ತರಿಸಿ ಹಾಕುತ್ತಿದ್ದ.

ತಮ್ಮನನ್ನು ಶಾಲೆ ಬಿಡಿಸಿದ್ದೂ ಹಾಗೇ. ಅಂಗಡಿ ಹೊಸದು, ಕೈಯಾಳು ಸಿಗುತ್ತಿಲ್ಲ. “ಓದಿ ಯಾವ ಕೋಟೆ ಕಟ್ಟಬೇಕಾಗಿದೆ, ಬಾರೋ” ಎಂದ. ಅಣ್ಣನಿಗೆ ಬೇಕಿದ್ದದ್ದು ಒಂದು ಕೈ. ಕೈಗೆ ಅಂಟಿಕೊಂಡು ತಮ್ಮನೂ ಬಂದ. ಮೊದಲ ದಿನದ ಪಾಠ ಅವನಿಗೆ ಇವತ್ತಿಗೂ ಬಾಯಿಪಾಠ.

“ಜನರನ್ನ ನೋಡಬೇಡ. ಗಾಜು ನೋಡು. ಅವರು ನಗ್ತಿದ್ದಾರಾ, ಅಳ್ತಿದ್ದಾರಾ, ಸೀರೆ ಜಾರಿದೆಯಾ, ಅದೆಲ್ಲ ನಾನು ನೋಡ್ಕೋತೀನಿ. ನೀನು ಗಾಜಿನ ಮೇಲೆ ನೆರಳಿದೆಯಾ ಅಷ್ಟು ನೋಡು.”

ಅಂದಿನಿಂದ ಅವನು ನೋಡಿದ ಮದುವೆಗಳೆಲ್ಲ ಒಂದು ದುಂಡು ಗಾಜಿನ ಮೇಲಿನ ನೆರಳು. ಎಷ್ಟು ಮದುಮಕ್ಕಳ ಎದುರು ನಿಂತಿದ್ದನೋ, ಒಬ್ಬರ ಮುಖವೂ ನೆನಪಿಲ್ಲ.

ಅಪ್ಪನದು ಬೇರೆ ಬೆಳಕಿನ ಕಥೆ. ಅಪ್ಪ ವೆಲ್ಡರ್. ಹಡಗಿನ ರಿಪೇರಿ ಅಂಗಳದಲ್ಲಿ ಆಯುಸ್ಸಿನ ಅರ್ಧ ಕಬ್ಬಿಣಕ್ಕೆ ಕಬ್ಬಿಣ ಅಂಟಿಸಿದವರು. ಮುಖಕ್ಕೆ ಹಿಡಿಯುವ ಕರಿಗಾಜು ಒಡೆದಿದ್ದರೂ ಮೇಸ್ತ್ರಿ ಹೊಸದು ಕೊಡಿಸುವವರೆಗೆ ಕೆಲಸ ನಿಲ್ಲಿಸಿದವರಲ್ಲ. ಈಗ ಕಣ್ಣು ಆರುತ್ತ ಬಂದಿತ್ತು. ಉಳಿದ ದೃಷ್ಟಿಗೂ ಬೆಳಕು ಅಂದರೆ ಆಗದು, ಕಿಟಕಿ ತೆಗೆದರೆ ಈರುಳ್ಳಿ ಹೆಚ್ಚಿದವರ ಹಾಗೆ ನೀರು ಸುರಿಯುತ್ತಿತ್ತು. ಹಾಗಾಗಿ ಅಪ್ಪನ ಯಾವ ಫೋಟೋದಲ್ಲೂ ಕಣ್ಣು ತೆರೆದಿರಲಿಲ್ಲ. ಅಂಗಳದವರು ಕೊಟ್ಟಿದ್ದ ಹಳೆಯ ಗುರುತಿನ ಚೀಟಿಯಲ್ಲಿ ಬಿಟ್ಟರೆ.

“ನಿಮ್ಮಪ್ಪ ಕಣ್ಣು ಬಿಟ್ಕೊಂಡಿರೋ ಒಂದು ಫೋಟೋ ಬೇಕಪ್ಪ ನಂಗೆ,” ಎಂದಳು ಅಮ್ಮ ಒಂದು ದಿನ, ಅಣ್ಣನ ತಟ್ಟೆಗೆ ಬಡಿಸುತ್ತ. “ಪೂರ್ತಿ ಹೋಗೋಕೆ ಮುಂಚೆ. ಎಲ್ಲರೂ ಇರಬೇಕು ಅದರಲ್ಲಿ.”

“ತೆಗೆಯೋಣ ಬಿಡಮ್ಮ. ಸೂರ್ಯ ಬೆನ್ನಿಗಿರೋ ಹಾಗೆ ಕೂರಿಸಿದ್ರೆ ಅಪ್ಪನ ಕಣ್ಣಿಗೆ ಚುಚ್ಚಲ್ಲ. ಹೊಸ ಅಂಗಡಿ ಮುಂಭಾಗಕ್ಕೆ ದೊಡ್ಡ ಗಾಜು ಹಾಕಿಸ್ತಿದ್ದೀನಲ್ಲ, ಅಲ್ಲಿಗೂ ಒಂದು ಫೋಟೋ ಬೇಕು. ನಮ್ಮದೇ ಫ್ಯಾಮಿಲಿ ಹಾಕಿಬಿಡೋಣ.”

“ಎಲ್ಲರೂ,” ಎಂದು ಅಮ್ಮ ಇನ್ನೊಮ್ಮೆ ಹೇಳಿ, ಗೋಡೆಗೊರಗಿ ಉಣ್ಣುತ್ತಿದ್ದ ಚಿಕ್ಕ ಮಗನ ಕಡೆ ನೋಡಿದಳು.

ಅವಳು ನೋಡಿದ್ದಕ್ಕೆ ಕಾರಣ ಇತ್ತು. ಆ ಮನೆಯ ಗೋಡೆಗಳ ತುಂಬ ಫೋಟೋ. ಅಣ್ಣನ ಮದುವೆ, ಅಣ್ಣನ ಮಗಳು ಪುಟ್ಟಿ ಹುಟ್ಟಿದ್ದು, ಪುಟ್ಟಿ ನಡೆದದ್ದು, ಪುಟ್ಟಿ ಬಿದ್ದದ್ದು. ಯಾವುದರಲ್ಲೂ ಚಿಕ್ಕಪ್ಪ ಇಲ್ಲ. ಎಲ್ಲದರಲ್ಲೂ ಅವನು ಚೌಕಟ್ಟಿನ ಹೊರಗೆ, ಒಂದು ಮೊಳ ಆಚೆ, ರಟ್ಟು ಹಿಡಿದು ನಿಂತಿದ್ದ. ಅಣ್ಣನ ಮದುವೆಯಲ್ಲಿ ಕ್ಯಾಮೆರಾ ಹಿಡಿದವನು ಬೇರೆಯವನು, ಅಣ್ಣನ ಸ್ನೇಹಿತ. ಅವನಿಗೂ ಅಣ್ಣ ತನ್ನ ಛತ್ರಿಯನ್ನು ಎರವಲು ಕೊಟ್ಟಿದ್ದ, ಮಂಟಪದಿಂದಲೇ ಕೈಸನ್ನೆ ಮಾಡಿ.

“ಈ ಸಲ ನಾನೂ ನಿಲ್ತೀನಿ ಅಣ್ಣ.”

“ನಿಲ್ಲೋ. ಬೇಡ ಅಂದೋರ್ಯಾರು?”

ಆ ಮಾತನ್ನು ಅವನು ನಂಬಿದ. ನಂಬಿ, ಭಾನುವಾರ ಮಧ್ಯಾಹ್ನ ಬಿಳಿ ಶರ್ಟಿಗೆ ಇಸ್ತ್ರಿ ಹಾಕಿದ. ನಂಬಿದ್ದು ಸಾಲದೆಂದು ಒಂದು ಉಪಾಯವನ್ನೂ ಮಾಡಿಕೊಂಡ. ಬಕೆಟ್ಟಿಗೆ ಕಲ್ಲು ತುಂಬಿ, ಅದರಲ್ಲಿ ನೆಲ ಒರೆಸುವ ಕೋಲು ನೆಟ್ಟು, ಕೋಲಿನ ತುದಿಗೆ ಬಟ್ಟೆ ಕ್ಲಿಪ್ಪಿನಿಂದ ಕರಿ ರಟ್ಟು ಸಿಕ್ಕಿಸಿದ. ಕೋಲು ಅವನ ಬದಲು ನಿಲ್ಲುತ್ತದೆ, ಅವನು ಅವರ ಜೊತೆ ನಿಲ್ಲುತ್ತಾನೆ.

ಸಂಜೆ ಎಲ್ಲರೂ ತಾರಸಿ ಹತ್ತಿದರು. ನೀರಿನ ಟ್ಯಾಂಕು, ಬಟ್ಟೆ ಒಣಗಿಸುವ ತಂತಿ, ಯಾರೋ ಬಿಟ್ಟು ಹೋದ ಮುರುಕು ಸೈಕಲ್ಲು. ಪಡುವಣದಲ್ಲಿ, ಎದುರಿನ ಎತ್ತರದ ಕಟ್ಟಡದ ಪಕ್ಕ, ಸೂರ್ಯ ಇಳಿಯುತ್ತಿದ್ದ. ಅಣ್ಣ ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರಿಸಿ ಜನರನ್ನು ಜೋಡಿಸಿದ. ನಡುವೆ ನಿಂತ ಅಪ್ಪ, ಅಮ್ಮ. ಅವರ ಹಿಂದೆ ಅತ್ತಿಗೆ. ಚಿತ್ರದ ಬಲಗಡೆ ಒಂದು ಕುರ್ಚಿ, ಅದರಲ್ಲಿ ತಾನು, ತೊಡೆ ಮೇಲೆ ಪುಟ್ಟಿ. ಅಂಗೈಯಲ್ಲಿ ಕ್ಯಾಮೆರಾ ಒತ್ತುವ ಪುಟ್ಟ ರಿಮೋಟು. ಒತ್ತಿದರೆ ಕೆಂಪು ದೀಪ ಮಿಣುಕಿ ಮಿಣುಕಿ ಆಮೇಲೆ ಫೋಟೋ ಬೀಳುತ್ತಿತ್ತು.

ತಮ್ಮ ಬಕೆಟ್ಟನ್ನು ತಂದು ಕ್ಯಾಮೆರಾದ ಪಕ್ಕ ಇಟ್ಟ. ನೆರಳು ಗಾಜಿನ ಮೇಲೆ ಸರಿಯಾಗಿ ಕೂತಿತು.

“ಇದ್ಯಾವ ಬೆದರುಬೊಂಬೆ?” ಎಂದ ಅಣ್ಣ.

“ನನ್ನ ಬದಲಿಗೆ.”

ಅತ್ತಿಗೆ ನಕ್ಕಳು. “ಹೋಲಿಕೆ ಇದೆ ಬಿಡಿ.”

ತಮ್ಮನೂ ನಕ್ಕ. ಅಮ್ಮನ ಎಡಪಕ್ಕಕ್ಕೆ ಹೋಗಿ ನಿಂತ. ಅಮ್ಮ ಅವನ ಶರ್ಟಿನ ಕಾಲರ್ ಎಳೆದು ಸರಿಮಾಡಿದಳು. ಅಣ್ಣ ರಿಮೋಟ್ ಒತ್ತಿದ. ದೀಪ ಮಿಣುಕತೊಡಗಿತು. ಆಗಲೇ ಗಾಳಿ ಬೀಸಬೇಕೆ? ರಟ್ಟು ಗಿರ್ರನೆ ತಿರುಗಿ ಗೋಣು ಚೆಲ್ಲಿತು. ಫೋಟೋ ನೋಡಿದರೆ ಮಜ್ಜಿಗೆ.

“ನೋಡಿದ್ಯಾ?” ಎಂದ ಅಣ್ಣ. “ಸಾಕು ಆಟ. ಹೋಗಿ ಹಿಡಿ.”

“ಇನ್ನೊಂದು ಕ್ಲಿಪ್ ಹಾಕ್ತೀನಿ ಅಣ್ಣ, ಒಂದು ನಿಮಿಷ.”

“ನಿನ್ನ ನಿಮಿಷಕ್ಕೆ ಸೂರ್ಯ ಕಾಯ್ತಾನಾ? ಅಷ್ಟರಲ್ಲಿ ಅವನು ಮಾವನ ಮನೆ ಸೇರಿ ಕಾಲು ತೊಳ್ಕೊಂಡಿರ್ತಾನೆ.”

“ಹಾಗಾದ್ರೆ ಟ್ಯಾಂಕಿನ ನೆರಳಲ್ಲಿ ತೆಗೆಯೋಣ. ಅಲ್ಲೂ ಅಪ್ಪಂಗೆ ಕಣ್ಣು ಚುಚ್ಚಲ್ಲ. ರಟ್ಟೇ ಬೇಕಾಗಲ್ಲ.”

“ಟ್ಯಾಂಕಿನ ಪಕ್ಕ ಫೋಟೋ ತೆಗೆಯೋಕೆ ನಾನೇ ಬೇಕಾ? ಮೊಬೈಲಿರೋ ಯಾವನಾದ್ರೂ ತೆಗೀತಾನೆ. ಇದು ಅಂಗಡಿ ಗಾಜಿಗೆ ಹೋಗೋದು. ಗಿರಾಕಿ ನೋಡಿದ್ರೆ, ಓ, ಇದು ಇವರದೇ ಕೈ ಅನ್ಬೇಕು.”

“ಅವನೂ ಇರಲಿ ಬಿಡೋ,” ಎಂದಳು ಅಮ್ಮ.

“ಇರ್ತಾನಮ್ಮ, ಎಲ್ಲಿಗೆ ಹೋಗ್ತಾನೆ? ಆಮೇಲೆ ಕಂಪ್ಯೂಟರಲ್ಲಿ ಸೇರಿಸ್ತೀನಿ. ಅವನ ಪಾಸ್‌ಪೋರ್ಟ್ ಸೈಜ್ ಫೋಟೋ ನನ್ನ ಹತ್ರ ಇದೆ. ಗೊತ್ತೇ ಆಗಲ್ಲ.”

“ಇಸ್ತ್ರಿ ಬೇರೆ ಹಾಕ್ಕೊಂಡು ಬಂದಿದ್ದಾರೆ ಪಾಪ,” ಎಂದಳು ಅತ್ತಿಗೆ. ಅದರಲ್ಲಿ ಪಾಪ ಎಷ್ಟು, ಕೀಟಲೆ ಎಷ್ಟು ಅವಳಿಗೇ ಗೊತ್ತು.

ಅಪ್ಪ ಯಾರ ಕಡೆಗೋ ತಿರುಗಿ ಕೇಳಿದರು. “ಚಿಕ್ಕೋನು ಎಲ್ಲಿ?”

“ಇಲ್ಲೇ ಇದ್ದೀನಪ್ಪ,” ಎಂದ ಅವನು, ಕ್ಯಾಮೆರಾದ ಪಕ್ಕಕ್ಕೆ ಬಂದು, ಬಕೆಟ್ಟನ್ನು ಕಾಲಿನಿಂದ ಅತ್ತ ತಳ್ಳಿ, ರಟ್ಟು ಎತ್ತಿ ಹಿಡಿಯುತ್ತ.

ಜನರನ್ನು ನೋಡಬೇಡ, ಗಾಜು ನೋಡು. ನೋಡಿದ. ಫೋಟೋ ಬಿತ್ತು. ಅಣ್ಣ ಬಂದು ಪರದೆ ನೋಡಿದ, ಅಮ್ಮನನ್ನೂ ಕರೆದ.

“ಇವರು ಕಣ್ಣೇ ಬಿಟ್ಟಿಲ್ಲ,” ಎಂದಳು ಅಮ್ಮ.

“ರೀ, ತಲೆ ಎತ್ರಿ” ಎಂದಳು. ಎಲ್ಲರೂ ಮತ್ತೆ ನಿಂತರು. ಮತ್ತೆ ಬಿತ್ತು. ಅಪ್ಪ ಮತ್ತೆ ನೆಲ ನೋಡುತ್ತಿದ್ದರು.

“ಕಾಲ ಕೆಳಗೆ ನೆಲ ಇದೆಯೋ ಇಲ್ವೋ ಅಂತ ಭಯ ಆಗುತ್ತೆ ಕಣೆ. ಈ ತಾರಸಿ ಅಂಚು ಎಲ್ಲಿದೆ ಅಂತಲೇ ಗೊತ್ತಾಗ್ತಿಲ್ಲ.”

ಹೀಗೆ ಫೋಟೋಗಳು ಬೀಳುತ್ತಿದ್ದವು, ಸೂರ್ಯನೂ ಬೀಳುತ್ತಿದ್ದ. ತಮ್ಮನ ಭುಜ ಕಲ್ಲಾಗಿತ್ತು. ಗಾಜಿನ ಮೇಲಿನ ನೆರಳು ನೋಡುತ್ತ ನೋಡುತ್ತ ಅವನ ತಲೆಯೊಳಗೆ ಒಂದು ಲೆಕ್ಕ ತಾನಾಗಿ ನಡೆಯಿತು. ಸೂರ್ಯ ಚಿತ್ರದ ಎಡಗಡೆ ಮೇಲಿದ್ದಾನೆ. ಉಗುಳು ಬಲಗಡೆ ಕೆಳಗೆ. ಬಲಗಡೆ ಕೆಳಗೆ ಕುರ್ಚಿ. ಕುರ್ಚಿಯಲ್ಲಿ ಅಣ್ಣ. ರಟ್ಟು ತೆಗೆದು ಓಡಿ ಹೋಗಿ ಅಮ್ಮನ ಪಕ್ಕ ನಿಂತರೆ, ತಾನು ಚಿತ್ರದೊಳಗೆ ಬರುತ್ತಾನೆ. ಬಂದ ಖುಷಿಗೆ ಸೂರ್ಯ ಅಣ್ಣನ ಮುಖಕ್ಕೇ ಉಗುಳುತ್ತಾನೆ. ಇಷ್ಟು ವರ್ಷ ತಾನು ಬಾಯಲ್ಲಿ ಹಿಡಿದುಕೊಂಡಿದ್ದನ್ನು.

ಬೆನ್ನ ಹಿಂದೆ ಏನೋ ಗಲಾಟೆ ಕೇಳಿಸಿತು. ಕುರ್ಚಿ ಎಳೆದ ಸದ್ದು. ಪುಟ್ಟಿ “ನಾನು ಅಮ್ಮನ ಹತ್ರ” ಅಂದದ್ದು. ಅಣ್ಣ “ನಿಧಾನ, ನಿಧಾನ, ಹಾಂ” ಅಂದದ್ದು. ಅವನು ತಿರುಗಲಿಲ್ಲ. ತಿರುಗದೆ ಇರುವುದೇ ಅವನು ಕಲಿತ ವಿದ್ಯೆ.

“ನೋಡು, ನೋಡು, ಈಗ ಕಣ್ಣು ಬಿಟ್ರು,” ಎಂದಳು ಅಮ್ಮ. “ಬೇಗ ತೆಗಿ. ಹಾಗೇ ಇರ್ರಿ, ಹಾಗೇ ಇರ್ರಿ.”

“ಛತ್ರಿ, ಗಟ್ಟಿಯಾಗಿ ಹಿಡಿ. ಇದೇ ಕೊನೇದು,” ಎಂದ ಅಣ್ಣ.

ಕೆಂಪು ದೀಪ ಮಿಣುಕಿತು. ಮಿಣುಕು ಜೋರಾಯಿತು. ಅವನು ರಟ್ಟನ್ನು ಕೈಬಿಟ್ಟು, ತಲೆ ಬಗ್ಗಿಸಿ, ಯಾರ ಮುಖವನ್ನೂ ನೋಡದೆ ಓಡಿ, ಅಮ್ಮನ ಎಡಪಕ್ಕ ನಿಂತು ಕ್ಯಾಮೆರಾದ ಕಡೆ ತಿರುಗಿದ. ಅಮ್ಮ ಅವನ ಮಣಿಕಟ್ಟನ್ನು ಗಬಕ್ಕನೆ ಹಿಡಿದುಕೊಂಡಳು. ಫೋಟೋ ಬಿತ್ತು.

ಬಿದ್ದ ಮೇಲೆ ಅವನು ಪಕ್ಕಕ್ಕೆ ತಿರುಗಿ ನೋಡಿದ. ಕುರ್ಚಿಯಲ್ಲಿ ಅಪ್ಪ ಕೂತಿದ್ದರು. ಅಣ್ಣ ಅವರ ಹಿಂದೆ ನಿಂತು ಭುಜ ಹಿಡಿದುಕೊಂಡಿದ್ದ. ನಿಲ್ಲಲಾರದ ಅಪ್ಪನಿಗೆ ಅಣ್ಣ ಎದ್ದು ಕುರ್ಚಿ ಬಿಟ್ಟುಕೊಟ್ಟಿದ್ದ. ಕೂತ ಧೈರ್ಯಕ್ಕೆ ಅಪ್ಪ ತಲೆ ಎತ್ತಿ, ಎರಡೂ ಕಣ್ಣು ಅಗಲವಾಗಿ ತೆರೆದು, ಎದುರಿನ ಗಾಳಿಯನ್ನು ನೋಡುತ್ತಿದ್ದರು.

ಅಣ್ಣ ಹೋಗಿ ಪರದೆ ನೋಡಿದ. ಬಹಳ ಹೊತ್ತು ನೋಡಿದ. ತಮ್ಮನೂ ಹೋಗಿ ನೋಡಿದ. ಎಲ್ಲರ ಮೇಲೂ ತೆಳ್ಳನೆ ಹಾಲು ಸುರಿದಿತ್ತು, ಆದರೂ ಎಲ್ಲರೂ ಗುರುತು ಸಿಗುತ್ತಿದ್ದರು. ಇಸ್ತ್ರಿ ಶರ್ಟಿನಲ್ಲಿ ಅವನಿದ್ದ, ಏದುಸಿರು ಬಿಡುತ್ತ. ಅಮ್ಮ ನಗುತ್ತಿದ್ದಳು, ಅವನ ಕೈ ಹಿಡಿದು. ಅತ್ತಿಗೆ, ಅವಳ ಸೊಂಟಕ್ಕಂಟಿಕೊಂಡ ಪುಟ್ಟಿ, ಕೂದಲಿಗೆ ಚಿನ್ನದ ಅಂಚು ಹೊತ್ತ ಅಣ್ಣ. ಕುರ್ಚಿಯಲ್ಲಿ ಒಂದು ಅಂಗಿ, ತೊಡೆ ಮೇಲೆ ಸುಟ್ಟ ಕಲೆಗಳ ಎರಡು ಕೈ. ಕತ್ತಿನ ಮೇಲೆ ಮುಖ ಇರಬೇಕಾದಲ್ಲಿ ದುಂಡನೆಯ ಬಿಳಿ.

“ಇನ್ನೊಂದು ತೆಗೆಯೋಣ,” ಎಂದ ತಮ್ಮ. ರಟ್ಟು ಎತ್ತಿಕೊಳ್ಳಲು ಬಗ್ಗಿದ. “ಅಣ್ಣ, ನಾನು ಹಿಡೀತೀನಿ. ಇನ್ನೊಂದು.”

ಸೂರ್ಯ ಆ ಎತ್ತರದ ಕಟ್ಟಡದ ಹಿಂದೆ ಹೋಗಿಯಾಗಿತ್ತು. ತಾರಸಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅಪ್ಪನ ಕಣ್ಣಲ್ಲಿ ನೀರು ಶುರುವಾಗಿ, ಕರ್ಚೀಫಿನಿಂದ ಮುಖ ಮುಚ್ಚಿಕೊಂಡಿದ್ದರು.

ಅಣ್ಣ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೆಲ್ಲಗೆ, ತಮ್ಮನಿಗೆ ಮಾತ್ರ ಕೇಳುವ ಹಾಗೆ ಹೇಳಿದ.

“ನನ್ನ ಮುಖಕ್ಕೆ ಬೀಳಲಿ ಅಂತ ತಾನೆ?”

ತಮ್ಮ ಕೈಯಲ್ಲಿದ್ದ ರಟ್ಟಿನ ಧೂಳು ಒರೆಸತೊಡಗಿದ.

“ಲೆಕ್ಕ ಕಲಿಸಿದ್ದೂ ನಾನೇ.”

“ಹೇಗೆ ಬಂತು?” ಎಂದರು ಅಪ್ಪ ಕರ್ಚೀಫಿನ ಒಳಗಿನಿಂದ.

“ಚೆನ್ನಾಗಿ ಬಂದಿದೆ ಅಪ್ಪ,” ಎಂದ ಅಣ್ಣ.

ಹೊಸ ಅಂಗಡಿಯ ಗಾಜಿಗೆ ಏರಿದ್ದು ಬೇರೆಯ ಫೋಟೋ. ಮೊದಲೇ ತೆಗೆದದ್ದು, ಅಣ್ಣ ಕುರ್ಚಿಯಲ್ಲಿ ಕೂತಿದ್ದು. ಕೊಟ್ಟ ಮಾತಿಗೆ ಅಣ್ಣ ತಪ್ಪಲಿಲ್ಲ. ಅಮ್ಮನ ಪಕ್ಕ ತಮ್ಮನನ್ನು ಅಂಟಿಸಿದ್ದ, ಪಾಸ್‌ಪೋರ್ಟ್ ಫೋಟೋದಿಂದ ಕತ್ತರಿಸಿ. ಕತ್ತಿನ ಕೆಳಗೆ ಯಾರದೋ ಕೋಟು. ಅಪ್ಪನ ಮುಚ್ಚಿದ ಕಣ್ಣಿಗೂ ಮದ್ದು ಮಾಡಿದ್ದ. ಅಂಗಳದ ಗುರುತಿನ ಚೀಟಿಯಿಂದ ಕಣ್ಣೆರಡನ್ನೂ ತೆಗೆದು ಕೂರಿಸಿದ್ದ. ಮುದುಕನ ಮುಖದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವನ ಕಣ್ಣು.

“ತಾತನ ಕಣ್ಣಲ್ಲಿ ಏನು ಕಳೆ ನೋಡಿ,” ಎಂದು ಗಿರಾಕಿಗಳು ಗಾಜಿನ ಮುಂದೆ ನಿಂತು ಹೇಳುತ್ತಿದ್ದರು.

ಪುಟ್ಟಿ ಮಾತ್ರ ಮೂಗನ್ನು ಗಾಜಿಗೆ ಒತ್ತಿ ತುಂಬ ಹೊತ್ತು ನೋಡಿದಳು. ಎಲ್ಲರ ಕೂದಲ ಹಿಂದೆ ಬಿಸಿಲು, ಚಿಕ್ಕಪ್ಪನ ಮೂಗಿನ ಮೇಲೆ ಮಾತ್ರ ಮುಂದಿನಿಂದ ಬಿಸಿಲು.

“ಅಪ್ಪಾ, ಚಿಕ್ಕಪ್ಪಂಗೆ ಬೇರೆ ಸೂರ್ಯನಾ?”

“ಒಳಗೆ ಬಾ, ಗಾಜು ಕೊಳೆ ಆಗುತ್ತೆ,” ಎಂದ ಅಣ್ಣ.

ಪುಟ್ಟಿ ಹಾಗೆ ಕೇಳಿದ ದಿನವೇ ತಮ್ಮ ಅಂಗಡಿ ಬಿಟ್ಟ. ಬಿಡುತ್ತೇನೆ ಎಂದು ಹೇಳಿ ಬಿಟ್ಟ, ಬೇಡ ಅನ್ನಲಿ ಎಂದು ಒಂದು ಗಳಿಗೆ ಬಾಗಿಲಲ್ಲಿ ನಿಂತು ಬಿಟ್ಟ. ಅಣ್ಣ ಗಿರಾಕಿಯ ಜೊತೆ ಮಾತಾಡುತ್ತಿದ್ದ. ಮುಂದಿನ ವಾರ ಅಣ್ಣ ಒಂದು ಕಬ್ಬಿಣದ ಸ್ಟ್ಯಾಂಡ್ ಕೊಂಡು ತಂದ, ತುದಿಗೆ ಬಾಗುವ ತೋಳು, ತೋಳಿಗೆ ಗಟ್ಟಿ ಹಿಡಿ. ಸೇತುವೆಯ ಗಾಳಿಗೂ ಅದು ಅಲ್ಲಾಡಲಿಲ್ಲವಂತೆ. ಅದಕ್ಕೆ ಇಸ್ತ್ರಿ ಶರ್ಟಿನ ಆಸೆಯೂ ಇರಲಿಲ್ಲ. ಮೊದಲ ದಿನದಿಂದಲೇ ಫೋಟೋಗಳು ಕನ್ನಡಿಯ ಹಾಗೆ ಬಂದವು. ಇದನ್ನು ಬಂದು ಹೇಳಿದವಳು ಅತ್ತಿಗೆ. ಅವಳಿಗೆ ಇದನ್ನು ಹೇಳದೆ ಊಟ ಇಳಿಯುತ್ತಿರಲಿಲ್ಲ. ಅಷ್ಟು ಸಲೀಸಾಗಿ ಸಿಗುವ ವಸ್ತು ಇಷ್ಟು ವರ್ಷ ಯಾವ ಅಂಗಡಿಯಲ್ಲಿ ಅಡಗಿ ಕೂತಿತ್ತು ಎಂದು ತಮ್ಮ ಕೇಳಬೇಕೆಂದಿದ್ದ. ಕೇಳಲಿಲ್ಲ. ಈಗ ಅವನು ಒಂದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದ. ಅಲ್ಲಿ ಕಿಟಕಿಗಳೇ ಇರಲಿಲ್ಲ.

ಅಮ್ಮ ಅಣ್ಣನ ಹತ್ತಿರ ಹಟ ಹಿಡಿದು ಆ ಕೊನೆಯ ಫೋಟೋದ ಪ್ರಿಂಟ್ ಹಾಕಿಸಿದ್ದಳು.

“ಅದು ಹಾಳಾಗಿರೋ ಫೋಟೋ ಅಮ್ಮ.”

“ಹಾಳಾಗಿದ್ರೂ ಎಲ್ಲರೂ ನಾವು ನಾವೇ ಇದ್ದೀವಿ ಅದರಲ್ಲಿ. ನಿನ್ನ ಅಂಗಡಿದು ನಂಗೆ ಬೇಡ, ಅದರಲ್ಲಿ ಪಾಪ ಆ ಕೋಟು ಯಾರದೋ.”

ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಗೋಡೆಗೆ, ಕಟ್ಟು ಹಾಕಿಸಿ ತೂಗುಹಾಕಿದಳು. ತಮ್ಮ ಅಡುಗೆಮನೆಯಲ್ಲಿ ಕೂತು ಉಣ್ಣುವುದನ್ನು ಬಿಟ್ಟ. ತಟ್ಟೆ ಹಿಡಿದು ಹೊರಗೆ ಮೆಟ್ಟಿಲ ಮೇಲೆ ಕೂರುತ್ತಿದ್ದ.

ಅಪ್ಪನಿಗೆ ಈಗ ಬೆಳಕು ಕತ್ತಲೆ ಅಷ್ಟೇ ತಿಳಿಯುತ್ತಿತ್ತು. ಒಂದು ಬೆಳಿಗ್ಗೆ ಅವನು ಕುಡಿದ ಲೋಟ ಇಡಲು ಒಳಗೆ ಬಂದಾಗ ಅಪ್ಪ ಗೋಡೆ ತಡವುತ್ತ ಆ ಚಿತ್ರದ ಮುಂದೆ ನಿಂತಿದ್ದರು. ಪಕ್ಕದಲ್ಲಿ ಅಮ್ಮ. ಚಿಕ್ಕ ಮಗ ಬಂದದ್ದು ಇಬ್ಬರಿಗೂ ಗೊತ್ತಿಲ್ಲ.

“ನಾನೆಲ್ಲಿದ್ದೀನಿ ಇದರಲ್ಲಿ?”

ಅಮ್ಮ ಅವರ ತೋರುಬೆರಳನ್ನು ಹಿಡಿದು ಗಾಜಿನ ಮೇಲೆ ಸರಿಸಿದಳು. “ಇದು ನಾನು. ಇದು ದೊಡ್ಡೋನು. ಅವನ ಮುಂದೆ ಕುರ್ಚಿ.” ಬೆರಳು ಕುರ್ಚಿಯ ಕೈ ಹತ್ತಿ, ಅಂಗಿಯ ಗುಂಡಿ ಹತ್ತಿ, ಬಿಳಿಯ ಮೇಲೆ ಹೋಗಿ ನಿಂತಿತು. “ಇಲ್ಲಿದ್ದೀರಿ ನೋಡಿ.”

“ಚಿಕ್ಕೋನು?”

“ನನ್ನ ಈ ಕಡೆ. ಕೈ ಹಿಡ್ಕೊಂಡಿದ್ದೀನಿ.”

ಅಪ್ಪ ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ. ತನ್ನ ಮುಖದ ಮೇಲೇ ಇಟ್ಟುಕೊಂಡಿದ್ದರು, ಬೆಸೆದ ಜಾಗ ನುಣುಪಾಗಿದೆಯೇ ಎಂದು ನೋಡುವವರ ಹಾಗೆ.

“ಕಣ್ಣು ಬಿಟ್ಟಿದ್ದೀನಾ?”

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಬಾಗಿಲಲ್ಲಿ ಮಗ ಲೋಟ ಹಿಡಿದು ನಿಂತೇ ಇದ್ದ, ಒಳಗೆ ಇಡಲಾರದೆ, ಹೊರಗೆ ಹೋಗಲಾರದೆ.

“ಅಗಲವಾಗಿ ಬಿಟ್ಟಿದ್ದೀರಿ,” ಎಂದಳು ಅಮ್ಮ.